ಕೋವಿ ಆಮೇಲೆ, ಕಾಗದ ಮೊದಲು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಒಂದು ವಾಚನಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತು ಇದು. ಬರೆದು ಕೊಡಿ ಎಂದು ನಾಲ್ಕೈದು ಜನ ಕೇಳಿದರು. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿದ್ದೇನೆ, ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.

ನನ್ನನ್ನು ಕರೆದದ್ದು ಜಾಗದ ಕಾಗದಪತ್ರದ ಬಗ್ಗೆ ಮಾತಾಡಲಿಕ್ಕೆ. ಬರುವ ದಾರಿಯಲ್ಲಿ ಕಾರಿನೊಳಗೇ ವಿಷಯ ಬದಲಾಯಿತು. "ವಕೀಲ್ರೇ, ಜಾಗದ್ದು ಇನ್ನೊಮ್ಮೆ ಮಾಡುವ. ಇಲ್ಲಿ ಎರಡು ಮೂರು ಮನೆಯಲ್ಲಿ ರಿವಾಲ್ವರ್ ಮಾರುವುದು ಹೇಗೆ ಅಂತ ತಲೆಬಿಸಿ" ಎಂದರು. ನನಗೆ ಆಶ್ಚರ್ಯ ಆಗಲಿಲ್ಲ. ನಮ್ಮ ಕಡೆ ಕೋವಿ ಅಂದರೆ ತೋಟದ ಸಾಮಾನು, ಕತ್ತಿ, ದೋಟಿ, ಪಂಪು ಇದ್ದ ಹಾಗೆ. ಹಂದಿ, ಮಂಗಗಳ ಕಾಟಕ್ಕೆ ಒಂಟಿ ನಳಿಗೆಯದ್ದೋ ಜೋಡು ನಳಿಗೆಯದ್ದೋ ಒಂದು ಇರುತ್ತದೆ. ಆದರೆ ಕೆಲವು ಹಳೇ ಮನೆಗಳ ಕಪಾಟಿನಲ್ಲಿ ರಿವಾಲ್ವರೂ ಇದೆ. ಹಂದಿಗೆ ಅದರಿಂದ ಏನೂ ಆಗುವುದಿಲ್ಲ. ಅಡಿಕೆ ಮಾರಿದ ಹಣ ಸೊಂಟಕ್ಕೆ ಕಟ್ಟಿಕೊಂಡು ರಾತ್ರಿ ಮಂಗಳೂರಿಂದ ಬರುತ್ತಿದ್ದ ಅಜ್ಜಂದಿರು ಧೈರ್ಯಕ್ಕೆ ಇಟ್ಟುಕೊಂಡದ್ದು ಅದು. ಈಗ ಅಜ್ಜನೂ ಇಲ್ಲ, ಹಣವೂ ನೇರ ಬ್ಯಾಂಕಿಗೇ ಬೀಳುತ್ತದೆ. ರಿವಾಲ್ವರ್ ಮಾತ್ರ ಕಪಾಟಿನಲ್ಲೇ ಉಳಿದಿದೆ.

ಅಂಥದ್ದೇ ಒಂದು ಕಪಾಟಿನಿಂದ ಶುರು ಮಾಡುತ್ತೇನೆ. ಎರಡು ಮೂರು ವರ್ಷ ಹಿಂದೆ ಒಬ್ಬರು ಅಮ್ಮ ಆಫೀಸಿಗೆ ಬಂದರು. ಎಪ್ಪತ್ತು ದಾಟಿದವರು. ಯಜಮಾನರು ತೀರಿಹೋಗಿ ಎಂಟು ತಿಂಗಳಾಗಿತ್ತು. ಬಟ್ಟೆ ಚೀಲದಿಂದ ಒಂದು ಬೈರಾಸು ತೆಗೆದು ಮೇಜಿನ ಮೇಲಿಟ್ಟು ಮೆಲ್ಲಗೆ ಬಿಚ್ಚಿದರು. ಒಳಗೆ ಇಂಗ್ಲೆಂಡಿನಲ್ಲಿ ಮಾಡಿದ ಪಾಯಿಂಟ್ 32 ರಿವಾಲ್ವರ್. "ಇದನ್ನು ಸುಳ್ಯದ ಒಬ್ಬರು ಕೇಳ್ತಾ ಇದ್ದಾರೆ. ಒಳ್ಳೆ ಕ್ರಯ ಕೊಡ್ತಾರಂತೆ. ಕೊಡಬಹುದಾ?" ಎಂದು ಕೇಳಿದರು.

ನಾನು ಮೊದಲು ಹೇಳಿದ್ದು, "ಅಮ್ಮ, ಇದನ್ನು ಬಸ್ಸಿನಲ್ಲಿ ತಂದಿರಾ?" ಅಂತ.

ಹೌದು, ಬಸ್ಸಿನಲ್ಲೇ ತಂದಿದ್ದರು. ಲೈಸೆನ್ಸ್ ಇದ್ದದ್ದು ಯಜಮಾನರ ಹೆಸರಿನಲ್ಲಿ. ಅವರು ಹೋದ ದಿನವೇ ಆ ಲೈಸೆನ್ಸೂ ಹೋಯಿತು. ಆಮೇಲೆ ಆ ರಿವಾಲ್ವರ್ ಮನೆಯಲ್ಲಿದ್ದ ಎಂಟು ತಿಂಗಳು ಲೈಸೆನ್ಸ್ ಇಲ್ಲದ ಆಯುಧ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಇದನ್ನೇ ಹೇಳುವುದು. ಇಟ್ಟುಕೊಳ್ಳುವ ಹಕ್ಕು ಹೋದ ಮೇಲೆ ಅನಗತ್ಯ ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಒಪ್ಪಿಸಿ ರಶೀದಿ ಪಡೆಯಬೇಕು. ಒಪ್ಪಿಸಿದರೆ ಕೋವಿ ಹೋಗಿಯೇ ಹೋಯಿತು ಎಂದು ಜನ ಹೆದರುತ್ತಾರೆ. ಹಾಗಲ್ಲ. ವಾರಸುದಾರರು ಲೈಸೆನ್ಸ್ ಮಾಡಿಸಿಕೊಂಡು ವಾಪಸ್ ತರಬಹುದು, ಅಥವಾ ಅಲ್ಲಿಂದಲೇ ಹಕ್ಕಿರುವವರಿಗೆ ಮಾರಬಹುದು. ಅದಕ್ಕೊಂದು ಅವಧಿ ಇದೆ. ಅದು ಮುಗಿಯುವವರೆಗೂ ಸುಮ್ಮನೆ ಕೂತರೆ ಸರ್ಕಾರಕ್ಕೆ ಮುಟ್ಟುಗೋಲು ಆಗುತ್ತದೆ. ಅಮ್ಮನನ್ನು ಅವತ್ತು ನಾನೇ ಠಾಣೆಗೆ ಕರೆದುಕೊಂಡು ಹೋದೆ. ಬಸ್ಸಿನ ಸಂಗತಿ ಅಲ್ಲಿ ಹೇಳಲಿಲ್ಲ ಎನ್ನಿ.

ಈಗ ಮಾರುವ ಪ್ರಶ್ನೆ. ಬಹಳ ಜನ ತಿಳಿದುಕೊಂಡಿರುವುದು ಏನೆಂದರೆ ಕೋವಿಯನ್ನು ಅಂಗಡಿಯವರು ಮಾತ್ರ ಮಾರಬಹುದು ಎಂದು. ತಪ್ಪು. 1959ರ ಕಾಯ್ದೆಯ 5ನೇ ಸೆಕ್ಷನ್ ಮೊದಲಿಗೆ ವ್ಯಾಪಾರಕ್ಕೆ ಲೈಸೆನ್ಸ್ ಬೇಕು ಎನ್ನುತ್ತದೆ. ಅದೇ ಸೆಕ್ಷನ್ನಿನ ಎರಡನೇ ಭಾಗ ನಮಗೊಂದು ಬಾಗಿಲು ತೆರೆದಿಡುತ್ತದೆ. ಸ್ವಂತ ಬಳಕೆಗೆ ಕಾನೂನು ಪ್ರಕಾರ ಇಟ್ಟುಕೊಂಡ ಆಯುಧವನ್ನು, ಅದನ್ನು ಹೊಂದುವ ಹಕ್ಕಿರುವ ಇನ್ನೊಬ್ಬರಿಗೆ, ವ್ಯಾಪಾರದ ಲೈಸೆನ್ಸ್ ಇಲ್ಲದೆಯೂ ಮಾರಬಹುದು. ಆದರೆ ಬಾಗಿಲಿಗೆ ಎರಡು ಚಿಲಕ. ಮಾರುತ್ತೇನೆ ಎಂದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರವಣಿಗೆಯಲ್ಲಿ ತಿಳಿಸಬೇಕು, ಕೊಳ್ಳುವವರ ಹೆಸರು, ವಿಳಾಸ ಸಮೇತ. ತಿಳಿಸಿದ ಮೇಲೆ ಕಡಿಮೆ ಎಂದರೆ 45 ದಿನ ಕಳೆಯಬೇಕು. ಆಮೇಲೇ ಕೋವಿ ಕೈ ಬದಲಾಗಬೇಕು.

ಈ 45 ದಿನ ಇದೆಯಲ್ಲ, ಎಲ್ಲ ತಾಪತ್ರಯ ಹುಟ್ಟುವುದು ಇಲ್ಲಿಯೇ.

ನಮ್ಮಲ್ಲಿ ವ್ಯವಹಾರ ಬಾಯಿಮಾತಿನಲ್ಲಿ ಆಗುತ್ತದೆ. ದನ ಮಾರಿದರೂ ಹಾಗೆ, ಸೆಕೆಂಡ್ ಹ್ಯಾಂಡ್ ಜೀಪು ಮಾರಿದರೂ ಹಾಗೆ. ಜೀಪು ಮನೆಗೆ ಹೋಗಿ ಆರು ತಿಂಗಳಾದರೂ ಆರ್‌ಸಿ ಹಳೇ ಹೆಸರಲ್ಲೇ ಇರುತ್ತದೆ. ಅದೇ ಅಭ್ಯಾಸ ಕೋವಿಗೂ ಬರುತ್ತದೆ. "ಕಾಗದ ನಿಧಾನಕ್ಕೆ ಆಗ್ಲಿ, ನೀವು ಸುಮ್ನೆ ಇಟ್ಕೊಂಡಿರಿ, ಒಮ್ಮೆ ನೋಡಿ" ಎಂದು ಕೊಟ್ಟುಬಿಡುತ್ತಾರೆ. ಕೊಂಡವರ ಹತ್ತಿರ ಲೈಸೆನ್ಸ್ ಇದ್ದು, ತಿಳಿಸದೆಯೋ 45 ದಿನ ಆಗುವ ಮೊದಲೋ ಕೊಟ್ಟರೆ ಶಿಕ್ಷೆ 6 ತಿಂಗಳವರೆಗೆ ಸಜೆ, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 500 ಎಂದರೆ ಇವತ್ತಿನ ಧಾರಣೆಯಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಚಾಲಿ ಅಡಿಕೆ. ಇಷ್ಟೇನಾ ಎಂದು ನಗಬೇಡಿ. ಕೊಂಡವರ ಹತ್ತಿರ ಲೈಸೆನ್ಸೇ ಇಲ್ಲದಿದ್ದರೆ ನಿಮಗೆ ಆ ಎರಡನೇ ಭಾಗದ ಬಾಗಿಲೇ ಇಲ್ಲ. ಆಗ ನೀವು ಲೈಸೆನ್ಸ್ ಇಲ್ಲದೆ ಆಯುಧ ಮಾರಿದವರು. 2019ರ ತಿದ್ದುಪಡಿ ಆದ ಮೇಲೆ ಅದಕ್ಕೆ ಕಡಿಮೆ ಎಂದರೆ 7 ವರ್ಷ, ಜಾಸ್ತಿ ಎಂದರೆ ಜೀವಾವಧಿ. ಸುಮ್ಮನೆ ಇಟ್ಟುಕೊಂಡವರಿಗೂ ಬಿಡುಗಡೆ ಇಲ್ಲ, 2ರಿಂದ 5 ವರ್ಷ. ಒಂದು ಕಿಲೋ ಅಡಿಕೆಗೂ ಜೀವಾವಧಿಗೂ ನಡುವೆ ಇರುವುದು ಕೊಳ್ಳುವವರ ಲೈಸೆನ್ಸ್ ಪುಸ್ತಕ ಒಂದೇ.

"ಮಾರಿದ್ದಲ್ಲ, ನೋಡಲಿಕ್ಕೆ ಕೊಟ್ಟದ್ದು" ಎಂಬ ವಾದವೂ ನಡೆಯುವುದಿಲ್ಲ. ಲೈಸೆನ್ಸ್ ಇಲ್ಲದವರು ಇನ್ನೊಬ್ಬರ ಕೋವಿ ಹಿಡಿದುಕೊಂಡು ಹೋಗಬಹುದಾದ ಸಂದರ್ಭವನ್ನು 3ನೇ ಸೆಕ್ಷನ್ ಹೇಳುತ್ತದೆ. ಯಜಮಾನ ಎದುರಿಗಿರಬೇಕು, ಅಥವಾ ಅವರ ಬರಹದ ಒಪ್ಪಿಗೆ ಇರಬೇಕು. ಅದೂ ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಇಲ್ಲವೇ ಯಜಮಾನರ ಬಳಕೆಗೇ. ಒಂದು ತಿಂಗಳು ಮನೆಯಲ್ಲಿಟ್ಟು ಇಷ್ಟವಾದರೆ ಕೊಳ್ಳುತ್ತೇನೆ ಎನ್ನುವುದು ಆ ಪಟ್ಟಿಯಲ್ಲಿ ಇಲ್ಲ.

ಇಲ್ಲಿ ಒಬ್ಬರು ಎದ್ದು ನಿಂತರು. "ಅಮೆರಿಕದಲ್ಲಿ ಹಳೇ ಟೀವಿ ಮಾರಿದ ಹಾಗೆ ಪಿಸ್ತೂಲು ಮಾರ್ತಾರಂತಲ್ಲ ವಕೀಲ್ರೇ?" ಒಳ್ಳೆಯ ಪ್ರಶ್ನೆ. ನನ್ನ ಅಕ್ಕನ ಮಗನೂ ಟೆಕ್ಸಾಸಿನಿಂದ ಒಮ್ಮೆ ಇದನ್ನೇ ಫೋನಿನಲ್ಲಿ ಕೇಳಿದ್ದ. ಜೊತೆಗೆ ಕೆಲಸ ಮಾಡುವವನು ತನ್ನ ಪಿಸ್ತೂಲು ಮಾರುತ್ತಿದ್ದಾನೆ, ಕೊಳ್ಳಲಾ ಮಾವ ಎಂದು.

ಅಲ್ಲಿಯ ಕತೆ ಬೇರೆ. ಲೈಸೆನ್ಸ್ ಇರುವ ಅಂಗಡಿಯವರಿಂದ ಕೊಂಡರೆ ಕೊಳ್ಳುವವರ ಪೂರ್ವಾಪರ ತನಿಖೆ ಆಗಬೇಕು. 1993ರ ಬ್ರೇಡಿ ಕಾಯ್ದೆ ತಂದದ್ದು ಅದು, 1998ರ ಕೊನೆಯಿಂದ ಕಂಪ್ಯೂಟರಿನಲ್ಲೇ ಕ್ಷಣದಲ್ಲಿ ಆಗುತ್ತದೆ. ಆದರೆ ಒಂದೇ ರಾಜ್ಯದ ಇಬ್ಬರು ಸಾಮಾನ್ಯ ಜನ ತಮ್ಮೊಳಗೆ ಮಾರಿಕೊಂಡರೆ ಕೇಂದ್ರ ಕಾನೂನು ಆ ತನಿಖೆ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಅದಕ್ಕೂ ಅಂಗಡಿ ಮೂಲಕವೇ ಹೋಗಬೇಕು ಎಂದಿವೆ, ಟೆಕ್ಸಾಸ್ ಹಾಗೆ ಹೇಳಿಲ್ಲ. ಇನ್ನು ಕೊಳ್ಳುವವನು ಬೇರೆ ರಾಜ್ಯದವನಾದರೆ ನೇರ ಕೈಯಿಂದ ಕೈಗೆ ಕೊಡುವಂತಿಲ್ಲ, ಲೈಸೆನ್ಸ್ ಇರುವ ಅಂಗಡಿ ನಡುವೆ ಬರಲೇಬೇಕು. ಅಂದರೆ ಅಲ್ಲೂ ನಮ್ಮ ತಲಪಾಡಿಯಂಥ ಒಂದು ಗಡಿ ಗೇಟು ಇದೆ ಎಂದಾಯಿತು.

ಆದರೆ ಹುಡುಗನಿಗೆ ನಾನು ಬೇಡ ಎಂದದ್ದು ಬೇರೆ ಕಾರಣಕ್ಕೆ. ಅವನದ್ದು ಹೆಚ್-1ಬಿ ವೀಸಾ. ಅಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನೇ ಅಲ್ಲಿಯ ಕೇಂದ್ರ ಕಾನೂನು ತಡೆಯುತ್ತದೆ. ಬೇಟೆಯ ಲೈಸೆನ್ಸ್ ಇರುವವರಿಗೆ, ಹಾಗೆ ಇನ್ನು ಕೆಲವರಿಗೆ ಮಾತ್ರ ವಿನಾಯಿತಿ. ಮಾರುವವನು ಏನೂ ಕೇಳದೆ ಇರಬಹುದು. ಸಿಕ್ಕಿಬೀಳುವವನು ಇವನು.

ಅಲ್ಲಿಗೂ ಇಲ್ಲಿಗೂ ನನಗೆ ಕಂಡ ನಿಜವಾದ ವ್ಯತ್ಯಾಸ ಒಂದಿದೆ. ಅಲ್ಲಿ ಮನೆಯಿಂದ ಮಾರುವವನನ್ನು ಕೇಂದ್ರ ಕಾನೂನು ಕೇಳುವುದು, "ಇವನಿಗೆ ಕೊಡಬಾರದು ಅಂತ ನಿನಗೆ ಗೊತ್ತಿತ್ತಾ, ಅನುಮಾನಕ್ಕೆ ಕಾರಣ ಇತ್ತಾ?" ಇಲ್ಲಿ 29ನೇ ಸೆಕ್ಷನ್ ಕೇಳುವುದು, "ಇವನಿಗೆ ಹಕ್ಕಿದೆ ಅಂತ ನೀನು ಮೊದಲೇ ಖಾತ್ರಿ ಮಾಡಿಕೊಂಡೆಯಾ?" ಗೊತ್ತಿರಲಿಲ್ಲ ಎನ್ನುವ ಉತ್ತರ ಅಲ್ಲಿ ಸ್ವಲ್ಪ ಉಪಯೋಗಕ್ಕೆ ಬರಬಹುದು, ಇಲ್ಲಿ ಅದೇ ತಪ್ಪು ಒಪ್ಪಿಕೊಂಡ ಹಾಗೆ. ಹಾಗಾಗಿ ಕೊಳ್ಳುವವರ ಲೈಸೆನ್ಸ್ ಪುಸ್ತಕ ಕೈಯಲ್ಲಿ ಹಿಡಿದು ಓದಿ. ವಾಟ್ಸಾಪ್ ಫೋಟೋ ಸಾಲದು. ಅವಧಿ ಮುಗಿದಿದೆಯಾ ನೋಡಿ, ಈಗ 5 ವರ್ಷಕ್ಕೆ ಕೊಡುತ್ತಾರೆ, ಮೊದಲು 3 ವರ್ಷ ಇತ್ತು. ಯಾವ ತರದ ಆಯುಧಕ್ಕೆ ಕೊಟ್ಟದ್ದು ನೋಡಿ. ತೋಟದ ಕೋವಿಗೆ ಇರುವ ಲೈಸೆನ್ಸಿನಲ್ಲಿ ರಿವಾಲ್ವರ್ ಕೊಳ್ಳಲು ಆಗುವುದಿಲ್ಲ. ಈಗಾಗಲೇ ಎರಡು ಇದೆಯಾ ನೋಡಿ. ಮೊದಲು ಒಬ್ಬರಿಗೆ ಮೂರು ಇಟ್ಟುಕೊಳ್ಳಬಹುದಿತ್ತು, 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಅಜ್ಜನಿಂದ ಬಂದದ್ದಾದರೂ ಲೆಕ್ಕ ಎರಡೇ. ಮೂರನೆಯದನ್ನು ಒಪ್ಪಿಸಲು ಒಂದು ವರ್ಷ ಸಮಯ ಕೊಟ್ಟಿದ್ದರು. ಕೊಳ್ಳುವವರಿಗೆ 21 ಆಗಿರಬೇಕು ಎನ್ನುವುದು ಹೇಳುವುದೇ ಬೇಡ, ಲೈಸೆನ್ಸ್ ಇದ್ದ ಮೇಲೆ ಅದು ಆಗಿಯೇ ಇರುತ್ತದೆ.

ಇನ್ನು ಕೋವಿಯನ್ನೇ ಓದುವುದು. ನಳಿಗೆಯ ಮೇಲೆ, ಹಿಡಿಕೆಯ ಹತ್ತಿರ ನಂಬರು ಕೊರೆದಿರುತ್ತದೆ. ಆ ನಂಬರ್ ಅಳಿಸಿಹೋದ ಕೋವಿಯನ್ನು ಮುಟ್ಟಲೇ ಬೇಡಿ, 8ನೇ ಸೆಕ್ಷನ್ ಪ್ರಕಾರ ಅಳಿಸಿದ್ದು ನೀವೇ ಎಂದು ಕೋರ್ಟು ಊಹಿಸಿಕೊಳ್ಳುತ್ತದೆ. ಅಲ್ಲ ಎಂದು ತೋರಿಸುವ ಹೊರೆ ನಿಮ್ಮದು. ಅಮ್ಮನ ರಿವಾಲ್ವರಿನಲ್ಲಿ ನಂಬರು ಇತ್ತು, ಆದರೆ ಲೈಸೆನ್ಸ್ ಪುಸ್ತಕದಲ್ಲಿ 3 ಇದ್ದ ಕಡೆ ಉಕ್ಕಿನ ಮೇಲೆ 8 ಇದ್ದ ಹಾಗೆ ಕಾಣುತ್ತಿತ್ತು. ಠಾಣೆಯ ರೈಟರ್, ನಾನು, ಇನ್ನೊಬ್ಬ ಪೊಲೀಸ್, ಮೂವರೂ ಮೊಬೈಲಿನ ಟಾರ್ಚ್ ಹಾಕಿ ಬಗ್ಗಿ ನೋಡಿದೆವು. ಕೊನೆಗೆ ತೆಂಗಿನೆಣ್ಣೆ ಹಚ್ಚಿ ಉಜ್ಜಿದಾಗ ತುಕ್ಕು ಬಿಟ್ಟು 3 ಎಂದು ಕಂಡಿತು. ಆ ಒಂದು ಅಂಕೆ ತಪ್ಪಿದ್ದರೆ ಅದು ಬೇರೆಯೇ ಕೋವಿ ಆಗುತ್ತಿತ್ತು.

ಅಳತೆಯನ್ನೂ ನೋಡಬೇಕು, ಅಂದರೆ ನಳಿಗೆಯ ತೂತು ಎಷ್ಟು ಅಗಲ ಎಂದು. ಪಾಯಿಂಟ್ 32, ಪಾಯಿಂಟ್ 22 ಇವೆಲ್ಲ ಸಾಮಾನ್ಯರಿಗೆ ಸಿಗುವಂಥವು. ಪಾಯಿಂಟ್ 38, 9 ಎಂಎಂ ನಿಷೇಧಿತ ಅಳತೆ. ಅದು ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕರೆ ಮಾರುವ ಮಾತೇ ಬೇಡ, ನೇರ ಠಾಣೆಗೆ. ಹೊರದೇಶದ ಹಳೇ ರಿವಾಲ್ವರಿಗೆ ಅಷ್ಟು ಕ್ರಯ ಯಾಕೆ ಎಂದು ಕೇಳಿದಿರಿ. 1980ರ ದಶಕದ ನಡುವಿನಿಂದ ಸಾಮಾನ್ಯ ಜನ ಹೊರಗಿನಿಂದ ತರಿಸುವುದು ಹೆಚ್ಚುಕಡಿಮೆ ನಿಂತಿತು. ಅದಕ್ಕೆ ಮೊದಲು ಬಂದದ್ದೇ ಕೈಯಿಂದ ಕೈಗೆ ಸುತ್ತುತ್ತಾ ಇದೆ. ಹೊಸದು ಬೇಕೆಂದರೆ ಕಾನ್ಪುರದ ಸರ್ಕಾರಿ ಕಾರ್ಖಾನೆಯದ್ದು ಸಿಗುತ್ತದೆ. ಆದರೂ ಜನರಿಗೆ ಹಳೇ ಇಂಗ್ಲಿಷ್ ಮಾಲಿನ ಮೇಲೇ ಮೋಹ. ಗುಂಡು ಹಾರುತ್ತದೋ ಇಲ್ಲವೋ ನೋಡುವವರು ಕಡಿಮೆ.

ಆ ಅಮ್ಮನ ಲೈಸೆನ್ಸ್ ಪುಸ್ತಕದ ಕಟ್ಟಿನಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದರ ಸೀಲುಗಳು. ಅವರ ಮಾವನ ಕಾಲದ ಪುಸ್ತಕದಲ್ಲಿ ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸು. 1956ರ ನಂತರದ್ದರಲ್ಲಿ ಕಣ್ಣೂರು ಜಿಲ್ಲೆ, ಕೇರಳ. 1984ರ ಮೇಲೆ ಕಾಸರಗೋಡು. ಮನೆ ಒಂದಡಿಯೂ ಸರಿಯಲಿಲ್ಲ, ರಿವಾಲ್ವರ್ ಕಪಾಟು ಬಿಟ್ಟು ಹೊರಗೆ ಬಂದದ್ದೂ ಅಪರೂಪ. ಆದರೂ ಮೂರು ಜಿಲ್ಲೆ ಆಯಿತು. ನವೀಕರಣಕ್ಕೆ ಒಮ್ಮೆ ಮಂಗಳೂರಿಗೆ, ಒಮ್ಮೆ ಕಣ್ಣೂರಿಗೆ, ಈಗ ಕಾಸರಗೋಡಿನ ವಿದ್ಯಾನಗರಕ್ಕೆ.

ಗಡಿಯ ಪ್ರಶ್ನೆಗೆ ಬರುತ್ತೇನೆ, ನಮಗೆ ಅದೇ ದೊಡ್ಡದು. ಎಣ್ಮಕಜೆ ಕಡೆಯವರಿಗೆ ಹೇಳಬೇಕಾಗಿಲ್ಲ, ಮನೆ ಕೇರಳದಲ್ಲಿ, ತೋಟದ ಅರ್ಧ ಕರ್ನಾಟಕದ ಪಾಣಾಜೆಯಲ್ಲಿ. ಹಂದಿ ಯಾವ ಕಡೆಯಿಂದ ಬಂದರೂ ಹಂದಿಯೇ. ಆದರೆ ನಿಮ್ಮ ಲೈಸೆನ್ಸಿನಲ್ಲಿ ‘ಎಲ್ಲಿಯವರೆಗೆ’ ಎಂಬ ಒಂದು ಕಾಲಂ ಇದೆ. ಜಿಲ್ಲೆ ಮಾತ್ರವಾ, ರಾಜ್ಯವಾ, ಇಡೀ ದೇಶವಾ? ಕಾಸರಗೋಡು ಜಿಲ್ಲೆ ಎಂದಿದ್ದರೆ ಸಾರಡ್ಕದಲ್ಲೋ ಜಾಲ್ಸೂರಿನಲ್ಲೋ ಗೇಟು ದಾಟಿದ ಕೂಡಲೇ ನೀವು ಲೈಸೆನ್ಸ್ ಇಲ್ಲದವರು. ಅಮೆರಿಕದ ಹಾಗೆ ಬೇರೆ ರಾಜ್ಯದವರಿಗೆ ಮಾರಲೇಬಾರದು ಎಂದು ಇಲ್ಲಿ ಇಲ್ಲ. ಕೇಂದ್ರದ ಕಾಯ್ದೆ ಎರಡೂ ಕಡೆ ಒಂದೇ. ತೊಡಕು ಇರುವುದು ಸಾಗಿಸುವುದರಲ್ಲಿ. ಮಾರುವವರು ಆಚೆ ಹೋಗುವ ಹಾಗಿಲ್ಲ, ಕೊಳ್ಳುವವರ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರವಾದರೆ ಅವರು ಈಚೆ ಬಂದು ಹಿಡಿದುಕೊಳ್ಳುವ ಹಾಗೂ ಇಲ್ಲ. ಕೋವಿ ಗೇಟಿನ ನಡುವೆ ನಿಂತುಬಿಡುತ್ತದೆ. ದಾರಿ ಎರಡು. ಸಾಗಾಟಕ್ಕೆ ಬೇರೆಯೇ ಅನುಮತಿ ಪಡೆಯುವುದು, ಇಲ್ಲವೇ ಲೈಸೆನ್ಸ್ ಇರುವ ಅಂಗಡಿಯವರ ಮೂಲಕ ಕಳಿಸುವುದು. ಈಚೆ ಕಲೆಕ್ಟರ್ ಆಫೀಸು, ಆಚೆ ಡೀಸಿ ಆಫೀಸು, ಎರಡಕ್ಕೂ ಕಾಗದ ಹೋಗಬೇಕು. ನಮ್ಮ ಕಲೆಕ್ಟರೇಟಿನಲ್ಲಿ ‘ಕೋವಿ’ ಎಂದರೆ ಮುಖ ನೋಡುತ್ತಾರೆ. ಮಲಯಾಳದಲ್ಲಿ ‘ತೋಕ್ಕ್’ ಎನ್ನಿ, ಕೂಡಲೇ ಫೈಲು ಸಿಗುತ್ತದೆ.

ಪೂರ್ವದ ಕಡೆ ಇನ್ನೊಂದು ಗಡಿ ಇದೆ, ಕೊಡಗು. ಅಲ್ಲಿ ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕರಿಕೆಯ ಗೆಳೆಯನಿಂದ ಕೊಂಡರೆ ನನಗೂ ಲೈಸೆನ್ಸ್ ಬೇಡ ಅಲ್ವಾ ಎಂದು ಪನತ್ತಡಿ ಕಡೆಯ ಒಬ್ಬರು ನನ್ನನ್ನು ಕೇಳಿದ್ದರು. ವಿನಾಯಿತಿ ಕೋವಿಗಲ್ಲ, ಆ ಜನಕ್ಕೆ. ಅದೂ ತೋಟದ ಕೋವಿ, ರೈಫಲ್‌ಗಳಿಗೆ, ಪಿಸ್ತೂಲಿಗಲ್ಲ. ನಿಮ್ಮ ಕೈಗೆ ಬಂದ ಕೂಡಲೇ ಅದು ಮಾಮೂಲಿ ಕೋವಿ.

ಮುಂಗಡದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೊಡಬೇಡಿ. ಫೇಸ್‌ಬುಕ್ಕಿನಲ್ಲಿ ಪಿಸ್ತೂಲಿನ ಫೋಟೋ ಹಾಕಿ ಅಡ್ವಾನ್ಸ್ ಕೇಳುವವರಿಗಂತೂ ಒಂದು ರೂಪಾಯಿಯೂ ಬೇಡ. ಕಾನೂನಿಗೆ ವಿರುದ್ಧದ ಕರಾರನ್ನು ಯಾವ ಕೋರ್ಟೂ ಜಾರಿ ಮಾಡಿಕೊಡುವುದಿಲ್ಲ. ಹಣ ಕಳಕೊಂಡು ದೂರು ಕೊಡಲು ಹೋದರೆ ಮೊದಲ ಪ್ರಶ್ನೆ ನಿಮಗೇ.

ಕೊನೆಗೆ ಒಬ್ಬರು ಮಾಸ್ಟ್ರು ಕೇಳಿದರು, "ಬದುಕಿರುವಾಗಲೇ ಮಗನ ಹೆಸರಿಗೆ ಮಾಡಬಹುದಾ?" ಮಾಡಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅದಕ್ಕೆ ಅವಕಾಶ ಇದೆ. ನಿಮಗೆ 70 ಆಗಿದ್ದರೆ, ಅಥವಾ ಕೋವಿ ನಿಮ್ಮ ಕೈಗೆ ಬಂದು 25 ವರ್ಷ ಆಗಿದ್ದರೆ, ಯಾವುದು ಮೊದಲೋ ಅದು, ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ಮಗನ ಮೇಲೆ ಪೊಲೀಸ್ ತನಿಖೆ ಎಲ್ಲ ಆಗಿಯೇ ಆಗುತ್ತದೆ. ಆ ಅಮ್ಮನ ಯಜಮಾನರು ಇದನ್ನು ಮಾಡಿದ್ದರೆ ಅರ್ಧ ಓಡಾಟ ತಪ್ಪುತ್ತಿತ್ತು. ಆದರೆ ಅವರ ಮಗ ಬೆಂಗಳೂರಲ್ಲಿ, ಫ್ಲ್ಯಾಟಿನಲ್ಲಿ ಮೂರು ವರ್ಷದ ಮಗು, ಅದು ಮನೆಗೆ ಬೇಡವೇ ಬೇಡ ಎಂದ.

ಹಾಗಾಗಿ ಮಾರಿದೆವು. ಮರಣ ಪ್ರಮಾಣಪತ್ರ, ತಹಶೀಲ್ದಾರರಿಂದ ವಾರಸು ಪತ್ರ, ಮಗ ಮಗಳ ಒಪ್ಪಿಗೆ, ಸುಳ್ಯದವರ ಲೈಸೆನ್ಸಿನ ಪ್ರತಿ, ಎಲ್ಲ ಸೇರಿಸಿ ತಿಳುವಳಿಕೆ ಪತ್ರ ಕೊಟ್ಟು ಸೀಲು ಹಾಕಿದ ಪ್ರತಿ ತೆಗೆದುಕೊಂಡೆವು. ಆ ಸೀಲಿನ ತಾರೀಕಿನಿಂದಲೇ 45 ದಿನದ ಲೆಕ್ಕ, ಅದನ್ನು ಕಳಕೊಳ್ಳಬೇಡಿ. ನಡುವೆ ಚುನಾವಣೆ ಬಂತು, ಠಾಣೆಯಲ್ಲಿ ಚುನಾವಣೆಗೆಂದು ಒಪ್ಪಿಸಿದ ಎಲ್ಲರ ಕೋವಿಯ ರಾಶಿ, ಯಾರಿಗೂ ಪುರುಸೊತ್ತಿಲ್ಲ. 45 ದಿನ ಹೋಗಿ ನಾಲ್ಕು ತಿಂಗಳಾಯಿತು. ಕೊನೆಗೆ ಅಂಗಡಿಯವರ ಮೂಲಕ ರಿವಾಲ್ವರ್ ಗಡಿ ದಾಟಿತು, ಸುಳ್ಯದವರ ಪುಸ್ತಕದಲ್ಲಿ ನಂಬರು ಏರಿತು, ಹಣ ಅಮ್ಮನ ಖಾತೆಗೆ ಬಂತು.

ವಾರ ಕಳೆದು ಅಮ್ಮ ಫೋನ್ ಮಾಡಿದರು. "ಅದರ ತೊಗಲಿನ ಒರೆ ಇಲ್ಲೇ ಉಳಿದಿದೆ. ಅವರ ನೆನಪಿಗೆ ಇಟ್ಟುಕೊಳ್ಳಬಹುದಾ?"

"ಇಟ್ಟುಕೊಳ್ಳಿ ಅಮ್ಮ, ಒರೆಗೆ ಲೈಸೆನ್ಸ್ ಬೇಡ. ಬದಿಯಲ್ಲಿ ಸಣ್ಣ ಜೇಬು ಇರುತ್ತದೆ, ಅದರೊಳಗೆ ಒಮ್ಮೆ ಕೈ ಹಾಕಿ ನೋಡಿ" ಎಂದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಹೇಳಿದರು, "ಎರಡು ತೋಟೆ ಇದೆ."

ತೋಟೆಗೂ, ಅಂದರೆ ಗುಂಡಿಗೂ, ಲೈಸೆನ್ಸ್ ಬೇಕು. "ಅಲ್ಲೇ ಇರಲಿ, ನಾನೇ ಬರ್ತೇನೆ. ಬಸ್ಸಿನಲ್ಲಿ ಮಾತ್ರ ತರಬೇಡಿ" ಎಂದೆ.